ದಿನ ತುಂಬದ ಕೂಸು, ವರಾಂಡದ ಬಾಣಂತಿ: ಘಮ ಕಲಿಸಿದ ಪಾಠಗಳು

ಏಳು ತಿಂಗಳಿಗೋ ಎಂಟಕ್ಕೋ ಹಡೆದ ತಾಯಿಗೆ ನಮ್ಮ ಕಡೆ ಬಾಣಂತನ ಅನ್ನುವುದು ಸಿಗುವುದೇ ಇಲ್ಲ. ಕೂಸು ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ವರಾಂಡದ ಬೆಂಚಿನ ಮೇಲೆ. ತಲೆಗೆ ನೀರೆರೆಯುವ ಅವ್ವನಿಲ್ಲ, ಹೊರಸಿನ ಕೆಳಗೆ ಕೆಂಡವಿಲ್ಲ, ಅಳವಿ ಪಾಯಸವಿಲ್ಲ, ಮಗ್ಗುಲಲ್ಲಿ ಮಲಗಿಸಿಕೊಳ್ಳಲು ಕೂಸೂ ಇಲ್ಲ. ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಿಗೆ ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದಲೂ ಇಂಥ ತಾಯಂದಿರು ಬರುತ್ತಾರೆ. 1957ರಲ್ಲಿ ಆರಂಭವಾದ, ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಆಸ್ಪತ್ರೆಯ ಆವರಣದಲ್ಲಿ ಒಂದು ಸಂಜೆ ಕುಳಿತರೆ ಅರ್ಧ ಕರ್ನಾಟಕದ ಮಾತು ಕಿವಿಗೆ ಬೀಳುತ್ತದೆ. ಊರು ದೂರ, ಜೊತೆಗೆ ಒಬ್ಬರೇ ಆಸರೆ. ಭಾರತದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರು ಎಂಬ ಅಂದಾಜಿದೆ. ಮಕ್ಕಳ ಲೆಕ್ಕವನ್ನಾದರೂ ಯಾರೋ ಇಟ್ಟಿದ್ದಾರೆ. ಹೊರಗೆ ಕುಳಿತ ತಾಯಂದಿರ ಎದೆಬಡಿತಕ್ಕೆ ಲೆಕ್ಕವಿಲ್ಲ.

ನವಜಾತ ಶಿಶುಗಳ ವಿಭಾಗದಲ್ಲಿ ಶುಶ್ರೂಷಕಿಯಾಗಿ ದುಡಿಯುತ್ತ, ಆ ತಾಯಂದಿರ ಆತಂಕ ತಗ್ಗಿಸಲು ಸುಗಂಧ ಚಿಕಿತ್ಸೆಯನ್ನು ಬಹುಕಾಲದಿಂದ ಬಳಸಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ತಂಗಿಯರಿಗೆ, ಆಸರೆಗೆ ಬಂದ ಮನೆಯವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಸುದ್ದಿ, ಆಮೇಲೆ ಸುವಾಸನೆ

"ಎದ್ಯಾಗ ಧಸಕ್ ಅಂತದ ಅಕ್ಕಾರ, ಒಳಗಿಂದ ಯಾರರ ಕರದ್ರ ಸಾಕು" ಎನ್ನುವ ತಾಯಿಯ ಕೈಗೆ ಎಣ್ಣೆ ಹಚ್ಚಿದ ಹತ್ತಿ ಕೊಡಬೇಡಿ. ಅವಳಿಗೆ ಅಂದಿನ ಸುದ್ದಿ ಬೇಕು. ಕೂಸು ಎಷ್ಟು ಹಾಲು ತೆಗೆದುಕೊಂಡಿತು, ಉಸಿರಿಗೆ ಆಸರೆ ಎಷ್ಟು ಕಡಿಮೆಯಾಯಿತು, ಇವತ್ತು ಏನು ಪರೀಕ್ಷೆ ಇದೆ. ಇಷ್ಟನ್ನು ಅವಳ ಭಾಷೆಯಲ್ಲಿ, ಕುಳಿತುಕೊಂಡು, ಅವಳ ಕಣ್ಣು ನೋಡಿ ಹೇಳಬೇಕು.

ತಾಯಂದಿರನ್ನು ಹೆಚ್ಚು ಕಂಗೆಡಿಸುವ ಎರಡು ಸಂಗತಿಗಳಿವೆ. ಒಂದು, ಯಂತ್ರದ ಕೂಗು. ಕೂಸು ಕಾಲು ಝಾಡಿಸಿದಾಗ ಪಾದಕ್ಕೆ ಸುತ್ತಿದ ಸೆನ್ಸರ್ ಸಡಿಲಾದರೂ ಮಾನಿಟರ್ ಕೂಗುತ್ತದೆ. ಯಾವ ಕೂಗಿಗೆ ಶುಶ್ರೂಷಕಿ ಓಡಿ ಬರುತ್ತಾಳೆ, ಯಾವುದಕ್ಕೆ ಸಾವಕಾಶ ಬಂದು ಪಟ್ಟಿ ಸರಿಮಾಡುತ್ತಾಳೆ ಎಂದು ತೋರಿಸಿಕೊಟ್ಟರೆ ತಾಯಿಯ ಭುಜ ಅಲ್ಲೇ ಅರ್ಧ ಇಳಿಯುತ್ತದೆ. ಎರಡು, ತೂಕ. 1,400 ಗ್ರಾಂ ಇದ್ದ ಕೂಸು ನಾಲ್ಕು ದಿನಕ್ಕೆ 1,260 ಆಯಿತೆಂದರೆ ಕೂಸು ಕರಗುತ್ತಿದೆ ಎಂದೇ ಅವಳು ತಿಳಿಯುತ್ತಾಳೆ. ದಿನ ತುಂಬದ ಮಕ್ಕಳಲ್ಲಿ ಮೊದಲ ವಾರ ಶೇ. 10ರಿಂದ 15ರಷ್ಟು ತೂಕ ಇಳಿಯುವುದು ಸಾಮಾನ್ಯ, ಮೈಯ ನೀರು ಹೋಗುತ್ತದೆ, ಆಮೇಲೆ ಏರುತ್ತದೆ. ಈ ಮಾತನ್ನು ತೂಕ ಇಳಿಯುವ ಮೊದಲೇ ಹೇಳಿಡಬೇಕು. ಇಳಿದ ಮೇಲೆ ಹೇಳಿದರೆ ಸಮಾಧಾನಕ್ಕೆ ಹೇಳಿದ ಹಾಗೆ ಕೇಳಿಸುತ್ತದೆ.

ತಾಯಿ-ತಂದೆ ಒಳಗೆ ಬಂದು ಆರೈಕೆಯಲ್ಲಿ ಕೈಜೋಡಿಸಲಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆ ಬಾಗಿಲು ತೆರೆಯದೆ ಹೊರಗೆ ಘಮ ಹರಡುವುದು ತಾಯಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

2. ಎಣ್ಣೆಯಿಂದ ಎಷ್ಟಾಗುತ್ತದೋ ಅಷ್ಟನ್ನೇ ಹೇಳಿ

ಕಣ್ಣು, ಕಿವಿ, ಚರ್ಮದ ಸುದ್ದಿಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ. ವಾಸನೆ ಆ ದಾರಿ ಹಿಡಿಯದೆ, ಭಯ ಮತ್ತು ನೆನಪಿಗೆ ಸಂಬಂಧಪಟ್ಟ ಅಮಿಗ್ಡಲದ ಹತ್ತಿರಕ್ಕೆ ನೇರವಾಗಿ ಹೋಗುತ್ತದೆ. ಮಾತಿನಿಂದ ಸಮಾಧಾನವಾಗದ ಹೊತ್ತಿನಲ್ಲೂ ಒಂದು ಪರಿಚಿತ ಘಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇದೇ ಕಾರಣಕ್ಕೆ. ಲ್ಯಾವೆಂಡರ್ ಎಣ್ಣೆಯಲ್ಲಿ ಲಿನಲೂಲ್, ಲಿನಲೈಲ್ ಅಸಿಟೇಟ್ ಎಂಬ ಎರಡು ಅಂಶಗಳು ಮುಖ್ಯ. ಅವು ನರಗಳ ಮೇಲೆ ಶಮನದ ಪರಿಣಾಮ ಬೀರುತ್ತವೆ ಎಂಬುದಕ್ಕೆ ಪ್ರಯೋಗಶಾಲೆಯ ಆಧಾರಗಳಿವೆ.

ಬಾಣಂತಿಯರಿಗೆ ಲ್ಯಾವೆಂಡರ್ ಮೂಸಲು ಕೊಟ್ಟು ಆತಂಕದ ಅಂಕ ಅಳೆದ ಅಧ್ಯಯನಗಳೂ ಇವೆ. ಹೆಚ್ಚಿನವು ಇರಾನ್ ಕಡೆಯವು. ಅಂಕ ಇಳಿದದ್ದನ್ನು ಅವು ತೋರಿಸುತ್ತವೆ. ಆದರೆ ಗುಂಪುಗಳು ಚಿಕ್ಕವು. ಮೇಲಾಗಿ ಇಂಥ ಪರೀಕ್ಷೆಯಲ್ಲಿ ಒಂದು ತೊಡಕು ಎಂದಿಗೂ ತಪ್ಪದು: ಮಾತ್ರೆಯನ್ನಾದರೆ ಸಕ್ಕರೆ ಗುಳಿಗೆಯೊಂದಿಗೆ ಅದಲುಬದಲು ಮಾಡಿ ಕೊಡಬಹುದು, ಘಮವನ್ನು ಮುಚ್ಚಿಡಲಾಗದು. ಮೂಸಿದವಳಿಗೆ ತನಗೆ ಯಾವುದು ಸಿಕ್ಕಿತೆಂದು ಗೊತ್ತಾಗಿಬಿಡುತ್ತದೆ.

ಆದ್ದರಿಂದ ನಾನು ತಾಯಂದಿರಿಗೆ ಹೇಳುವುದು ಇಷ್ಟೇ: "ಇದು ಔಷಧ ಅಲ್ಲವಾ. ಐದು ನಿಮಿಷ ಉಸಿರು ಹದಕ್ಕ ತರತದ. ಆ ಐದು ನಿಮಿಷದಾಗ ನೀ ಏನ್ ಮಾಡ್ತಿ ಅನ್ನೂದು ಮುಖ್ಯ." ಆ ಐದು ನಿಮಿಷದಲ್ಲಿ ಅವಳು ನೀರು ಕುಡಿಯಬಹುದು, ಹಾಲು ಹಿಂಡಲು ಕೂರಬಹುದು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ನೆನಪಿಟ್ಟುಕೊಳ್ಳಬಹುದು. ಹೆದರಿಕೆಯಲ್ಲಿರುವ ತಾಯಿಗೆ ಹಾಲು ಇಳಿಯುವುದು ತಡವಾಗುತ್ತದೆ, ಹಾಲು ಇಳಿಸುವ ಆಕ್ಸಿಟೋಸಿನ್‌ಗೆ ಆತಂಕ ಅಡ್ಡ ಬರುತ್ತದೆ. ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ಕೊಡಬೇಕಾದ ಹೆಣ್ಣುಮಗಳಿಗೆ ಆ ಐದು ನಿಮಿಷ ದೊಡ್ಡದು. ನಾನು ಈ ಪದ್ಧತಿಯನ್ನು ಬಿಡದೆ ಉಳಿಸಿಕೊಂಡದ್ದು ಈ ಒಂದು ಕಾರಣಕ್ಕೆ.

3. ಘಮ ಯಾವುದೆಂದು ತಾಯಿಯೇ ಹೇಳಲಿ

ಪುಸ್ತಕಗಳು ಲ್ಯಾವೆಂಡರ್ ಅನ್ನುತ್ತವೆ. ಸುಗಂಧ ಚಿಕಿತ್ಸೆ ಎಂಬ ಹೆಸರನ್ನೇ ಚಾಲ್ತಿಗೆ ತಂದ ರೆನೆ-ಮೊರಿಸ್ ಗಾಟ್‌ಫೊಸೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ, 1937ರಲ್ಲಿ ಅವನ ಪುಸ್ತಕ ಬಂತು. ಅವನ ದೇಶದಲ್ಲಿ ಲ್ಯಾವೆಂಡರ್ ಹೊಲಗಳಿದ್ದವು. ನಮ್ಮ ನರಗುಂದದ ತಾಯಿಗೆ ಲ್ಯಾವೆಂಡರ್ ಅಂದರೆ ಬಸ್‌ಸ್ಟ್ಯಾಂಡ್ ಶೌಚಾಲಯದಲ್ಲಿ ಸಿಂಪಡಿಸುವ ದ್ರಾವಣದ ವಾಸನೆ. ಅದನ್ನು ಮೂಗಿಗೆ ಹಿಡಿದರೆ ಮುಖ ಕಿವಿಚುತ್ತಾಳೆ. ಅದು ಅವಳ ತಪ್ಪಲ್ಲ.

ನಾನು ಮೂರ್ನಾಲ್ಕು ಚಿಕ್ಕ ಡಬ್ಬಿ ಮುಂದಿಡುತ್ತೇನೆ, ಮುಚ್ಚಳ ತೆಗೆದು ದೂರದಿಂದಲೇ ಮೂಸಲು ಹೇಳುತ್ತೇನೆ. ಲ್ಯಾವೆಂಡರ್ ಒಂದು, ನಿಂಬೆ ಅಥವಾ ಕಿತ್ತಳೆ ಸಿಪ್ಪೆಯದೊಂದು, ಲಾವಂಚದ ಬೇರು, ದವನ. ಚೈತ್ರದ ದವನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಮನೆತನದವರು ದವನದ ಡಬ್ಬಿಯ ಹತ್ತಿರವೇ ನಿಂತುಬಿಡುತ್ತಾರೆ. ಹಾವೇರಿ ಕಡೆಯ ಒಬ್ಬ ತಾಯಿ ಯಾವುದನ್ನೂ ಒಲ್ಲೆನೆಂದು, ಅವರೂರಿನ ಏಲಕ್ಕಿ ಹಾರ ನೆನಪಿಸಿಕೊಂಡು, ಎರಡು ಏಲಕ್ಕಿ ಜಜ್ಜಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳ ಪಾಲಿಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಯಾವ ದೇಶದಿಂದಲೂ ಬರುವಂತಿರಲಿಲ್ಲ. ಅಜವಾನದ ಪುಟ್ಟ ಗಂಟನ್ನು ಕೇಳುವವರೂ ಬಹಳ, ಅದು ಬಾಣಂತಿಕೋಣೆಯ ವಾಸನೆ. ಕಳೆದುಕೊಂಡ ಬಾಣಂತನದ ಒಂದು ತುಣುಕಾದರೂ ಅದರಲ್ಲಿ ಸಿಕ್ಕಂತೆ ಅವರಿಗೆ ಆಗುತ್ತದೆ.

ಬೇಡ ಎನ್ನುವ ಹಕ್ಕೂ ತಾಯಿಯದೇ. ಹೆರಿಗೆಯಾದ ಹೊಸದರಲ್ಲಿ ಕೆಲವರಿಗೆ ಯಾವ ವಾಸನೆಯೂ ಹೊಟ್ಟೆ ತೊಳಸುತ್ತದೆ. ಅಂಥವರಿಗೆ ಬರೀ ಉಸಿರಾಟ ಸಾಕು.

4. ಒಂದು ಹನಿ

ಹತ್ತಿಯ ಉಂಡೆಗೆ ಒಂದು ಹನಿ, ಹೆಚ್ಚೆಂದರೆ ಎರಡು. ಮೂಗಿನಿಂದ ಒಂದು ಗೇಣು ದೂರ. ಮೂಗಿನಿಂದ ಮೆಲ್ಲಗೆ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಬಾಯಿಂದ ಹೊರಬಿಡುವುದು. ಐದಾರು ಉಸಿರು. ಆಮೇಲೆ ಹತ್ತಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಮುಚ್ಚಿಬಿಡುವುದು. ಶಮನದ ಕೆಲಸದಲ್ಲಿ ದೊಡ್ಡ ಪಾಲು ಆ ಉದ್ದನೆಯ ಹೊರ ಉಸಿರಿನದು, ಘಮ ಅದಕ್ಕೆ ನೆವವಾಗುತ್ತದೆ. ಬರೀ "ಉಸಿರಾಡವಾ" ಅಂದರೆ ಯಾವ ತಾಯಿಯೂ ಮಾಡುವುದಿಲ್ಲ. ಒಳ್ಳೆಯ ಘಮವಿದ್ದರೆ ತಾನಾಗಿಯೇ ಎಳೆದುಕೊಳ್ಳುತ್ತಾಳೆ.

ಕೆಲವೇ ನಿಮಿಷಗಳಲ್ಲಿ ಮೂಗು ಆ ವಾಸನೆಗೆ ಒಗ್ಗಿಕೊಂಡು ಗುರುತಿಸುವುದನ್ನು ನಿಲ್ಲಿಸುತ್ತದೆ. ಆಗ "ವಾಸನಿ ಹೋತು, ಇನ್ನೊಂದ್ ಹನಿ ಹಾಕ್ರಿ" ಎನ್ನುತ್ತಾರೆ. ಹಾಕಬಾರದು. ಹಾಕುತ್ತ ಹೋದರೆ ತಲೆನೋವು, ವಾಕರಿಕೆ. ಎಣ್ಣೆಯನ್ನು ನೇರವಾಗಿ ಚರ್ಮಕ್ಕೆ ಹಚ್ಚುವುದಾಗಲಿ, ಕುಡಿಯುವುದಾಗಲಿ ಕೂಡದು. ಅಸ್ತಮಾ, ಅರೆತಲೆನೋವು, ಫಿಟ್ಸ್ ಇದ್ದ ತಾಯಿಗೆ ಈ ಪದ್ಧತಿಯೇ ಬೇಡ, ಇವು ಇವೆಯೇ ಎಂದು ಮೊದಲು ಕೇಳಿಯೇ ಮುಂದುವರಿಯಬೇಕು.

5. ಹೊಸ್ತಿಲ ಈಚೆಗೇ ಇರಲಿ

ಎಣ್ಣೆ, ಅತ್ತರು, ಊದುಬತ್ತಿ, ಕರ್ಪೂರ ಯಾವುದೂ ಕೂಸುಗಳ ಕೋಣೆಯೊಳಗೆ ಹೋಗಬಾರದು. ಒಳಗೆ ಆಮ್ಲಜನಕ ಹರಿಯುತ್ತಿರುತ್ತದೆ, ಕಿಡಿಯ ಮಾತೇ ಇಲ್ಲ. ಕಿಡಿಯಿಲ್ಲದ ಎಣ್ಣೆಯೂ ಬೇಡ. ಒಂದೂವರೆ ಕಿಲೋದ ಕೂಸಿನ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ, ಚರ್ಮ ಕಾಗದದಷ್ಟು ತೆಳು. ಕರ್ಪೂರ, ನೀಲಗಿರಿ, ಪುದೀನ ಈ ಮೂರರ ತೀಕ್ಷ್ಣತೆ ಎಳೆಯ ಕೂಸಿನ ಉಸಿರನ್ನು ಕಟ್ಟಿಸಬಲ್ಲದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಮೂಸಿದ ತಾಯಿ ಕೈಯನ್ನು ಮೊಣಕೈವರೆಗೆ ಸೋಪಿನಿಂದ ತೊಳೆದು, ಗೌನು ಹಾಕಿಕೊಂಡೇ ಒಳಗೆ ಹೋಗಬೇಕು. ಸೆರಗಿಗೆ ಹನಿ ಹಾಕಿಕೊಳ್ಳಬಾರದೆಂದು ನಾನು ಹಟ ಹಿಡಿಯುವುದು ಇದಕ್ಕೇ. ಏಲಕ್ಕಿ ಕಟ್ಟಿಕೊಂಡವಳೂ ಒಳಗೆ ಹೋಗುವ ಮೊದಲು ಬಿಚ್ಚಿಡುತ್ತಾಳೆ. ನೋಡಲು ಬರುವ ಗಂಡಸರು ಶಾ ಬಜಾರಿನ ಅತ್ತರು ಪೂಸಿಕೊಂಡು ಬಂದಿದ್ದರೆ ಅಂದು ಗಾಜಿನ ಹೊರಗಿಂದಲೇ ನೋಡಲಿ. ಬೈದು ಹೇಳುವುದು ಬೇಡ. ಕಾರಣ ಹೇಳಿದರೆ ಮರುದಿನ ಮಿಂದು ಬರುತ್ತಾರೆ.

6. ಕೂಸಿಗೆ ಬೇಕಾದ ಘಮ ಒಂದೇ

ಇಡೀ ಕೆಲಸದ ತಿರುಳು ಇಲ್ಲಿದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1975ರಲ್ಲಿ ಏಡನ್ ಮ್ಯಾಕ್‌ಫರ್ಲೇನ್ ಎಂಬ ಇಂಗ್ಲೆಂಡಿನ ವೈದ್ಯರು ಹಸುಗೂಸುಗಳ ಮುಖದ ಎರಡೂ ಬದಿಗೆ ಎದೆಹಾಲು ಹೀರಿದ ಬಟ್ಟೆಯ ತುಂಡುಗಳನ್ನಿಟ್ಟು ನೋಡಿದರು. ಒಂದು ಸ್ವಂತ ತಾಯಿಯದು, ಇನ್ನೊಂದು ಬೇರೆ ತಾಯಿಯದು. ವಾರ ತುಂಬುವ ಹೊತ್ತಿಗೆ ಕೂಸುಗಳು ತಮ್ಮ ತಾಯಿಯ ಬಟ್ಟೆಯ ಕಡೆಗೇ ಹೆಚ್ಚು ಹೊತ್ತು ಮುಖ ಹೊರಳಿಸಿದವು. ವಾಸನೆ ಹಿಡಿಯುವ ಶಕ್ತಿ ಹೊಟ್ಟೆಯಲ್ಲಿದ್ದಾಗಲೇ ಬರುತ್ತದೆ, ಏಳು ತಿಂಗಳು ದಾಟಿದ ಕೂಸಿಗೆ ಅದು ಇರುತ್ತದೆ. ಅಂದರೆ ಪೆಟ್ಟಿಗೆಯಲ್ಲಿ ಕಣ್ಣುಮುಚ್ಚಿ ಮಲಗಿದ ಆ ಪುಟ್ಟ ಜೀವ ಸ್ಪಿರಿಟ್ಟು, ಪ್ಲಾಸ್ಟಿಕ್ಕು, ಸ್ಯಾನಿಟೈಸರ್ ಎಲ್ಲವನ್ನೂ ಮೂಸುತ್ತಿದೆ. ಅವ್ವನ ವಾಸನೆ ಮಾತ್ರ ಅಲ್ಲಿ ಇಲ್ಲ.

ಅದನ್ನು ಒಳಗೆ ಕಳಿಸುವ ದಾರಿ ಸುಲಭ. ಒಗೆದು ಬಿಸಿಲಿಗೆ ಒಣಗಿಸಿದ ಅಂಗೈಯಗಲದ ಮೆತ್ತನೆ ಹತ್ತಿ ಬಟ್ಟೆ ಎರಡು. ಒಂದನ್ನು ತಾಯಿ ಕುಪ್ಪಸದೊಳಗೆ ಎದೆಗೆ ತಾಗುವಂತೆ ಕೆಲವು ಗಂಟೆ ಇಟ್ಟುಕೊಳ್ಳುತ್ತಾಳೆ. ವಿಭಾಗದ ವೈದ್ಯರು ಒಪ್ಪಿದರೆ ಶುಶ್ರೂಷಕಿ ಅದನ್ನು ಕೂಸಿನ ಮುಖದ ಹತ್ತಿರ, ಮೂಗು ಮುಚ್ಚದ ಹಾಗೆ ಇಡುತ್ತಾಳೆ. ಕೂಸಿನ ಬಳಿಯಿದ್ದ ಇನ್ನೊಂದು ಬಟ್ಟೆ ತಾಯಿಯ ಕೈಗೆ ಬರುತ್ತದೆ. ದಿನವೂ ಬದಲು, ದಿನವೂ ಒಗೆತ. ಘಮಘಮಿಸುವ ಸೋಪಿನ ಪುಡಿಯಲ್ಲಿ ಒಗೆಯಬಾರದು, ಅದು ಎಲ್ಲವನ್ನೂ ಅಳಿಸಿಬಿಡುತ್ತದೆ. ಸೋಂಕಿನ ಭಯದಿಂದ ಕೆಲವು ಕಡೆ ಒಪ್ಪುವುದಿಲ್ಲ, ಅಲ್ಲಿ ಒತ್ತಾಯ ಬೇಡ.

ಕೂಸಿನ ಬಟ್ಟೆ ಕೈಗೆ ಬಂದಾಗ ತಾಯಿ ಏನು ಮಾಡುತ್ತಾಳೆ ಎಂಬುದನ್ನು ನೋಡಿದವರೇ ಬಲ್ಲರು. ಅಲ್ಲಿಯವರೆಗೆ ಹನಿ ಹಾಲಿಗೂ ಒದ್ದಾಡುತ್ತಿದ್ದವಳು ಆ ಬಟ್ಟೆಯನ್ನು ಮೂಗಿಗೆ ಹಿಡಿದು ಕುಳಿತರೆ ಹಾಲು ತಾನಾಗಿ ಇಳಿಯುತ್ತದೆ. ಎಲ್ಲರಿಗೂ ಹೀಗಾಗುತ್ತದೆ ಎನ್ನಲಾರೆ, ಬಹಳ ಜನರಿಗೆ ಆಗಿದ್ದನ್ನು ಕಂಡಿದ್ದೇನೆ. ಲ್ಯಾವೆಂಡರ್ ಸೀಸೆಯನ್ನು ಮರುದಿನದಿಂದ ಕೇಳದವರೇ ಹೆಚ್ಚು.

ಬಟ್ಟೆ ಮೊದಲ ಮೆಟ್ಟಿಲು. ಅಲ್ಲಿಂದ ಕಾಂಗರೂ ಆರೈಕೆಗೆ ಹೋಗಬೇಕು. ಕೂಸನ್ನು ಡೈಪರು, ಟೊಪ್ಪಿಗೆ, ಕಾಲುಚೀಲದಲ್ಲಿ ತಾಯಿಯ ಬರಿ ಎದೆಗೆ ನೆಟ್ಟಗೆ ಕಟ್ಟಿಕೊಳ್ಳುವ ಈ ಪದ್ಧತಿ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರುಗಳ ಕೊರತೆಯಿಂದ ಹುಟ್ಟಿತು. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ದಿಲ್ಲಿಯ ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಿತ್ತು. ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡ ಗುಂಪಿನಲ್ಲಿ ಮೊದಲ 28 ದಿನದ ಸಾವು ಶೇ. 12, ಸ್ಥಿತಿ ಸ್ಥಿರವಾಗಲಿ ಎಂದು ಕಾದ ಗುಂಪಿನಲ್ಲಿ ಶೇ. 15.7. ಅದರ ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಕಾಯುವ ನಿಯಮವನ್ನೇ ಬದಲಿಸಿ, ಹುಟ್ಟಿದ ಕೂಡಲೇ ಶುರು ಮಾಡಿ ಎಂದಿತು. ದೂರದ ಮಾತೇಕೆ, ಹತ್ತಿರದ ಕೊಪ್ಪಳ ಜಿಲ್ಲೆಯಲ್ಲೇ ಇದನ್ನು ಸರಕಾರಿ ಆಸ್ಪತ್ರೆಗಳಿಂದ ಮನೆಮನೆಗೂ ಒಯ್ಯುವ ದೊಡ್ಡ ಪ್ರಯತ್ನ ನಡೆದಿದೆ.

ಎದೆಗೆ ಕೂಸು ಬಂದ ದಿನ ತಾಯಿ ಮೈಗೆ ಪೌಡರು, ಸೆಂಟು, ತಲೆಗೆ ಘಮದ ಎಣ್ಣೆ ಹಾಕಿಕೊಳ್ಳಬಾರದು. ಬೆವರಿನ ವಾಸನೆ ಬರುತ್ತದೆಂದು ನಾಚುವವರಿಗೆ ನಾನು ಹೇಳುತ್ತೇನೆ: "ನಿನ್ನ ಬೆವರs ಅದಕ್ಕ ಗುರುತವಾ."

7. ಒಳ್ಳೆಯ ಗಳಿಗೆಯಲ್ಲಿ ಶುರು ಮಾಡಿ

ವಾಸನೆ ಮನಸ್ಸಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ಆಸ್ಪತ್ರೆ ಬಿಟ್ಟು ವರ್ಷವಾದ ಮೇಲೂ ಸ್ಯಾನಿಟೈಸರ್ ವಾಸನೆ ಬಂದರೆ ಕೈಕಾಲು ತಣ್ಣಗಾಗುತ್ತವೆ ಎಂದು ಹೇಳಿದ ತಾಯಂದಿರಿದ್ದಾರೆ. ಕೂಸಿಗೆ ವೆಂಟಿಲೇಟರ್ ಹಾಕಿದ ರಾತ್ರಿ, ತಾಯಿ ಕಂಗಾಲಾಗಿ ಅಳುವಾಗ ಮೊಟ್ಟಮೊದಲ ಸಲ ದವನ ಮೂಸಲು ಕೊಟ್ಟರೆ ದವನವೇ ಆ ರಾತ್ರಿಯ ಗುರುತಾಗಿ ಕೂತುಬಿಡುತ್ತದೆ. ಮುಂದೆ ಎಲ್ಲಮ್ಮನ ಗುಡ್ಡಕ್ಕೆ ಹೋದರೂ ಅವಳಿಗೆ ಆಸ್ಪತ್ರೆಯ ವರಾಂಡವೇ ನೆನಪಾಗಬಹುದು.

ಹಾಗಾಗಿ ಮೊದಲ ಸಲ ಸಮಾಧಾನದ ಹೊತ್ತಿನಲ್ಲಿ ಕೊಡಿ. ಕೂಸಿನ ತೂಕ ಏರಿತೆಂದು ಕೇಳಿದ ಬೆಳಿಗ್ಗೆ, ಊಟ ಮಾಡಿ ಕುಳಿತ ಮಧ್ಯಾಹ್ನ. ನಾಲ್ಕಾರು ಸಲ ಹೀಗಾದರೆ ಆ ಘಮಕ್ಕೆ ನೆಮ್ಮದಿ ಹೊಂದಿಕೊಳ್ಳುತ್ತದೆ, ಕಷ್ಟದ ದಿನ ಕೆಲಸಕ್ಕೆ ಬರುತ್ತದೆ. ಕಷ್ಟದ ದಿನಗಳು ಯಾವುವೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಅವುಗಳಲ್ಲಿ ಒಂದು ಕಣ್ಣಿನ ಪರೀಕ್ಷೆ. 2 ಕಿಲೋಕ್ಕಿಂತ ಕಡಿಮೆ ತೂಕದ ಅಥವಾ 34 ವಾರದೊಳಗೆ ಹುಟ್ಟಿದ ಕೂಸಿನ ಅಕ್ಷಿಪಟಲವನ್ನು ತಿಂಗಳು ತುಂಬುವುದರೊಳಗೆ ನೋಡಲೇಬೇಕು. ಕೂಸು ಕಿರುಚುತ್ತದೆ, ಹೊರಗೆ ತಾಯಿ ಕುಸಿಯುತ್ತಾಳೆ. ಇನ್ನೊಂದು, ಮನೆಗೆ ಹೋಗುವ ಹಿಂದಿನ ದಿನ. ಯಂತ್ರವಿಲ್ಲದೆ ಕೂಸಿನ ಉಸಿರು ನೋಡುವವರು ಯಾರು ಎಂಬ ಭಯ ಅಂದು ಹೊಸದಾಗಿ ಹುಟ್ಟುತ್ತದೆ.

8. ಮಲ್ಲಿಗೆ ದಂಡೆ ಮುಡಿಗೇ ಇರಲಿ

ದುರ್ಗದಬೈಲಿನಿಂದ ಮಲ್ಲಿಗೆ ದಂಡೆ ತಂದು ಬಾಣಂತಿಗೆ ಕೊಡುವ ಪ್ರೀತಿಯ ಗಂಡಂದಿರಿದ್ದಾರೆ. ಮುಡಿಗಿಟ್ಟುಕೊಂಡು ವರಾಂಡದಲ್ಲಿ ಕೂರಲಿ, ಒಳಗೆ ಹೋಗುವಾಗ ತೆಗೆದಿಡಲಿ. ಎದೆಗೆ ಮಾತ್ರ ಕಟ್ಟಬಾರದು. ಎದೆ ಬಿಗಿತಕ್ಕೆ ಮಲ್ಲಿಗೆ ಕಟ್ಟುವ ರೂಢಿ ದಕ್ಷಿಣ ಭಾರತದಲ್ಲಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಗೆ ಮಲ್ಲಿಗೆ ಹೂ ಅಂಟಿಸಿಕೊಂಡ ಬಾಣಂತಿಯರ ಹಾಲು, ಹಾಲು ಬತ್ತಿಸಲು ಆಗ ಕೊಡುತ್ತಿದ್ದ ಬ್ರೊಮೊಕ್ರಿಪ್ಟೀನ್ ಮಾತ್ರೆ ನುಂಗಿದವರಷ್ಟೇ ಬತ್ತಿತು. ಕೂಸನ್ನು ಕಳೆದುಕೊಂಡ ತಾಯಿಗೆ ಅದು ನೆರವು. ಹನಿಹನಿ ಹಾಲು ಕೂಡಿಸುತ್ತಿರುವ ತಾಯಿಗೆ ಅದೇ ನಷ್ಟ. ಎಣ್ಣೆಯ ಡಬ್ಬಿಗಳ ಸಾಲಿನಿಂದ ಮಲ್ಲಿಗೆಯನ್ನು ನಾನು ದೂರ ಇಟ್ಟಿದ್ದೇನೆ.

9. ಸೀಸೆಯ ಮೇಲೆ ಏನು ಬರೆದಿದೆ ನೋಡಿ

ದೀಪದ ಬುಡ್ಡಿಗೆ ಹಾಕಲೆಂದು ಮಾರುವ "ಅರೋಮಾ ಆಯಿಲ್" ಹೆಚ್ಚಾಗಿ ಕೃತಕ ಪರಿಮಳ, ಮೂಸಲು ತಕ್ಕದ್ದಲ್ಲ. ಲ್ಯಾವೆಂಡರ್ ಆದರೆ ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ ಎಂಬ ಸಸ್ಯದ ಹೆಸರು ಅಚ್ಚಾಗಿರಬೇಕು, ಕಡುಬಣ್ಣದ ಗಾಜಿನ ಸೀಸೆ ಇರಬೇಕು, ತಯಾರಾದ ತಿಂಗಳು ಕಾಣಬೇಕು. ಜಮ್ಮು ಭಾಗದ ಭದರ್ವಾಹದಲ್ಲಿ ಬೆಳೆದದ್ದು ಈಗ ಸಿಗುತ್ತದೆ. ದುಡ್ಡಿಲ್ಲದಿದ್ದರೆ ಕೊಳ್ಳುವುದೇ ಬೇಡ. ನಿಂಬೆಯ ಹಸಿ ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಸಿದರೂ ಆಯಿತು. ಆಸ್ಪತ್ರೆಯ ಖರ್ಚಿಗೆ ಕಿವಿಯೋಲೆ ಒತ್ತೆಯಿಟ್ಟು ಬಂದವಳಿಗೆ ಬೆಲೆಬಾಳುವ ಸೀಸೆಯ ಚೀಟಿ ಬರೆದುಕೊಡಬಾರದು.

10. ಯಾರಿಗೆ ಘಮ ಸಾಲದು

ಅಳುವ ತಾಯಿಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅಳದೆ, ಕೂಸಿನ ಸುದ್ದಿ ಕೇಳದೆ, ಗೋಡೆ ನೋಡುತ್ತ ಕುಳಿತವಳ ಬಗ್ಗೆ ಇದೆ. ರಾತ್ರಿ ಕೂಸು ಚೆನ್ನಾಗಿದ್ದರೂ ನಿದ್ದೆ ಬಾರದಿರುವುದು, ಎರಡು ವಾರ ದಾಟಿದರೂ ಮಂಕು ಕಳೆಯದಿರುವುದು, "ನಾ ಇರಬಾರದಿತ್ತು" ಎಂಬ ಮಾತು, ಯಾರೋ ಕೂಸನ್ನು ಬದಲಿಸಿದ್ದಾರೆ ಎಂಬ ಗುಮಾನಿ. ಇವುಗಳಲ್ಲಿ ಒಂದು ಕಂಡರೂ ಹತ್ತಿಯ ಡಬ್ಬಿ ಎತ್ತಿಟ್ಟು ಡಾಕ್ಟರಿಗೆ ತಿಳಿಸಬೇಕು. ಕೊನೆಯ ಎರಡು ಅದೇ ದಿನ ನೋಡಬೇಕಾದವು.

ಬಾಣಂತಿಯರ ಖಿನ್ನತೆ ಗುರುತಿಸಲು ಎಡಿನ್‌ಬರ್ಗ್ ಪ್ರಶ್ನಾವಳಿ ಎಂದು 1987ರಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಕನ್ನಡದಲ್ಲೂ ಇದೆ. ಓದುಬಾರದ ತಾಯಿಗೆ ಓದಿ ಹೇಳಬೇಕು, ಅತ್ತೆ-ಗಂಡ ಹತ್ತಿರವಿಲ್ಲದಾಗ ಕೇಳಬೇಕು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ "ಇಲ್ಲ" ಅಲ್ಲದ ಯಾವ ಉತ್ತರ ಬಂದರೂ, ಉಳಿದ ಅಂಕ ಎಷ್ಟೇ ಕಡಿಮೆಯಿರಲಿ, ಅವಳನ್ನು ಒಬ್ಬಳೇ ಬಿಡಬಾರದು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಹುಬ್ಬಳ್ಳಿಯಿಂದ ಅರ್ಧ ಗಂಟೆ-ಮುಕ್ಕಾಲು ಗಂಟೆಯ ದಾರಿ. "ಹುಚ್ಚರ ದವಾಖಾನಿಗೆ ಕಳಸ್ತೀರೇನ್ರಿ" ಎಂದು ಮನೆಯವರು ಸಿಟ್ಟಾಗುತ್ತಾರೆ. ಆಗ ನಾನು ಹೇಳುವುದು: ಕೂಸಿಗೆ ಉಸಿರಿನ ಡಾಕ್ಟರ್ ನೋಡಿದ ಹಾಗೆ ತಾಯಿಗೆ ನಿದ್ದೆಯ ಡಾಕ್ಟರ್ ನೋಡುತ್ತಾರೆ, ಹಾಲು ಕುಡಿಸುವ ತಾಯಿಗೂ ಹೊಂದುವ ಔಷಧಗಳಿವೆ. ಹೋಗಲು ಒಪ್ಪದವರಿಗೆ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ. ಸಂಖ್ಯೆ 14416, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲು ರಾತ್ರಿ, ಬಿಟ್ಟಿ, ಕನ್ನಡದಲ್ಲಿ ಮಾತಾಡಬಹುದು. ಈ ಸಂಖ್ಯೆಯನ್ನು ಬಿಡುಗಡೆ ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡಿ.

11. ಮನೆಗೆ ಹೋದ ಮೇಲೆ ಹೊಗೆಯ ಮಾತು

ಆಸ್ಪತ್ರೆಯಲ್ಲಿ ಕಾಪಾಡಿದ ಶ್ವಾಸಕೋಶ ಮನೆಯಲ್ಲಿ ಹೊಗೆಗೆ ಸಿಗುತ್ತದೆ. ಮೀಯಿಸಿದ ಮೇಲೆ ಕೆಂಡಕ್ಕೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಕೂಸನ್ನು ಹೊಗೆಯ ಮೇಲೆ ಹಿಡಿಯುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು. ಅದರ ಹಿಂದೆ ಅಜ್ಜಿಯ ಕಾಳಜಿ ಇದೆ, ಅದನ್ನು ಮೂಢತನ ಎಂದು ತಳ್ಳಿದರೆ ನಮ್ಮ ಮಾತು ಹೊಸ್ತಿಲು ದಾಟುವುದಿಲ್ಲ. ಬಿಡುಗಡೆಯ ಹಿಂದಿನ ದಿನ ಅಜ್ಜಿಯನ್ನು ಕರೆಸಿ ಕೂರಿಸಿಕೊಂಡು ಮಾತಾಡುತ್ತೇನೆ. ಹೊಗೆ ಬೇಡ, ಊದುಬತ್ತಿ ದೇವರಕೋಣೆಯಲ್ಲಿ ಬಾಗಿಲು ಮುಚ್ಚಿ, ಸೊಳ್ಳೆಗೆ ಬತ್ತಿಯ ಬದಲು ಪರದೆ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಬಟ್ಟೆ ಕೂಸಿಗೆ ಹೊದಿಸಬಾರದು. ಕೆಲವು ಮಕ್ಕಳ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅಂಥವರಿಗೆ ಆ ಗುಳಿಗೆಯ ನ್ಯಾಫ್ತಲೀನ್ ತಾಕಿದರೆ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ನೆಗಡಿ ಎಂದು ಮೂಗಿಗೆ, ಎದೆಗೆ ಬಾಮು ಸವರುವುದೂ ಬೇಡ.

ಅಜ್ಜಿಯರ ಪ್ರಶ್ನೆ ಯಾವಾಗಲೂ ಒಂದೇ: "ಹೊಗಿ ಹಾಕದಿದ್ರ ಕೂಸಿಗೆ ಥಂಡಿ ಹಿಡಿಯೂದಿಲ್ಲೇನ್ರಿ?" ಅದು ನ್ಯಾಯವಾದ ಪ್ರಶ್ನೆ, ದಿನ ತುಂಬದ ಕೂಸಿಗೆ ಥಂಡಿ ನಿಜವಾದ ಅಪಾಯ. ಉತ್ತರವನ್ನು ಕೈಯಲ್ಲೇ ತೋರಿಸುತ್ತೇನೆ. ಕೂಸಿನ ಹೊಟ್ಟೆ ಮುಟ್ಟಿಸಿ, ಆಮೇಲೆ ಪಾದ ಮುಟ್ಟಿಸುತ್ತೇನೆ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸು ಥಂಡಿಯ ಜೊತೆ ಹೆಣಗುತ್ತಿದೆ, ಎದೆಗೆ ಹಾಕಿಕೊಳ್ಳಬೇಕು. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಬರಬೇಕು. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ತಾಯಿ ಮೀಯಲು, ಉಣ್ಣಲು ಎದ್ದಾಗ ಎದೆಗೆ ಹಾಕಿಕೊಳ್ಳುವ ಸರದಿ ತಂದೆಯದು, ಅಜ್ಜಿಯದು. ಕೂಸು ಎರಡೂವರೆ ಕಿಲೋ ಮುಟ್ಟಿ, ಎದೆಯ ಮೇಲೆ ನಿಲ್ಲದೆ ಕೈಕಾಲು ಕೊಸರಿ ಇಳಿಯಲು ನೋಡುವವರೆಗೂ ಇದು ನಡೆಯಬೇಕು. ಬಿಡುಗಡೆಯ ಹಿಂದಿನ ಸಂಜೆಯೇ ಅಜ್ಜಿಗೆ ಗೌನು ತೊಡಿಸಿ, ಕೈ ತೊಳೆಸಿ, ವಾರ್ಡಿನ ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ಹೇಗೆ ಕಟ್ಟಿಕೊಳ್ಳಬೇಕೆಂದು ಒಂದು ಸಲ ಮಾಡಿಸಿಯೇ ಬಿಡುಗಡೆಯ ಕಾಗದಕ್ಕೆ ಸಹಿ ತೆಗೆದುಕೊಳ್ಳುತ್ತೇವೆ.